ನೊರೆ ಇಳಿಯುವವರೆಗೆ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಶಾಲೆಯಲ್ಲಿ ಕಲಿಸುವ ಮೇಷ್ಟರು ಯಾರೇ ಇರಲಿ, ಅವರು ರುಚಿಯಕ್ಕನ ಕೈಗೆ ಸಿಗದಿರುವುದೇ ಒಳ್ಳೆಯದು. ಸಿಕ್ಕರೆ ಮುಗಿಯಿತು. ಮೂರು ಲೋಟ ನೀರು ಮುಂದಿಟ್ಟು, ಯಾವುದು ಯಾವ ಬಾವಿಯದು ಹೇಳಿ ನೋಡೋಣ ಎಂದು ಕೂರಿಸಿ, ಅವರು ತಬ್ಬಿಬ್ಬಾಗುವುದನ್ನು ಕಣ್ತುಂಬ ನೋಡಿ, ಆಮೇಲೆ ತಾನೇ ಒಂದೊಂದು ಗುಟುಕು ಹೀರಿ, "ಇದು ಒಂದನೇದು, ಕಬ್ಬಿಣದ ವಾಸನೆ. ಇದು ಎರಡನೇದು, ಸ್ವಲ್ಪ ಒಗರು. ಇದು ಮೂರನೇದು, ನಮ್ಮ ಬಂಗಾರ" ಎಂದು ಹೇಳಿ, ಪಾಪ, ಮೇಷ್ಟರನ್ನು ಪೆಚ್ಚುಮೋರೆಯಲ್ಲಿ ಮನೆಗೆ ಕಳಿಸುತ್ತಿದ್ದಳು.

ಸಂಬಳದ ಪುಸ್ತಕದಲ್ಲಿ ಅವಳಿಗೂ ಒಂದು ಹೆಸರಿತ್ತು. ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಊರಿನ ವಾಟರ್‌ವರ್ಕ್ಸ್‌ನ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಸಹಾಯಕಿಯಾಗಿ, ದಿನಾ ಬೆಳಿಗ್ಗೆ ನೀರಿನ ರುಚಿ ನೋಡಿ ನೋಡಿ ಎಲ್ಲರಿಗೂ ರುಚಿಯಕ್ಕ ಆಗಿಬಿಟ್ಟಿದ್ದಳು. ನಾಲಿಗೆ ಕೆಡುತ್ತದೆಂದು ಕೆಲಸ ಮುಗಿಯುವವರೆಗೆ ಚಹಾ ಸಹ ಮುಟ್ಟುತ್ತಿರಲಿಲ್ಲ. ಊರಿನಲ್ಲಿ ಯಾರಿಗಾದರೂ ನೀರಿನ ಬಗ್ಗೆ ಅನುಮಾನ ಬಂದರೆ ಇಂಜಿನಿಯರ್ ಹತ್ತಿರ ಹೋಗುತ್ತಿರಲಿಲ್ಲ, ಬಾಟಲಿ ಹಿಡಿದು ಇವಳ ಮನೆ ಬಾಗಿಲು ತಟ್ಟುತ್ತಿದ್ದರು. ಇವಳು ಮೂಸಿ, ಹೀರಿ, "ನೀರಿಗೇನೂ ಆಗಿಲ್ಲ, ಮೊದಲು ನಿಮ್ಮ ಟ್ಯಾಂಕ್ ತೊಳೀರಿ" ಎಂದು ಬೈದು ಕಳಿಸಿದರೆ ಅವರಿಗೆ ನೆಮ್ಮದಿ.

ಪರೀಕ್ಷಾ ಕೋಣೆ ಎಂದರೆ ದೊಡ್ಡದೇನಲ್ಲ. ಕಲ್ಲು ಹಾಸಿದ ಒಂದು ಉದ್ದನೆಯ ಮೇಜು, ತುಕ್ಕಿನ ಗೆರೆ ಬಿದ್ದ ಒಂದು ಸಿಂಕು, ಪೂರ್ವಕ್ಕೆ ಒಂದು ಕಿಟಕಿ. ಬೆಳಿಗ್ಗೆ ಏಳಕ್ಕೆ ಪಂಪ್ ನಡೆಸುವ ಪಂಪಣ್ಣ ಮೂರು ಬಾವಿಗಳ ನೀರನ್ನು ಮೂರು ಗಾಜಿನ ಬಾಟಲಿಗಳಲ್ಲಿ ತಂದಿಡುತ್ತಿದ್ದ. ರುಚಿಯಕ್ಕ ಮೊದಲು ಮೂಸುವಳು, ಒಂದು ಗುಟುಕು ಬಾಯಿಗೆ ಹಾಕಿ ಆಡಿಸಿ ಉಗಿಯುವಳು, ಕ್ಲೋರಿನ್ ಎಷ್ಟಿದೆ ನೋಡುವಳು. ಕೊನೆಗೆ ಬಾಟಲಿಯನ್ನು ಹತ್ತು ಸಲ ಜೋರಾಗಿ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟು, ನೊರೆ ಇಳಿದ ಮೇಲೆ ಬೆಳಕಿಗೆ ಹಿಡಿದು, ಒಳಗೆ ಕಸ, ಕಣ ಏನಾದರೂ ತೇಲುತ್ತಿದೆಯೇ ಎಂದು ನೋಡುವಳು. ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯುವಳು. ಬಣ್ಣ, ವಾಸನೆ, ರುಚಿ, ಕ್ಲೋರಿನ್, ಕಣ, ಹೀಗೆ ಒಂದೊಂದಕ್ಕೆ ಒಂದೊಂದು ಕಾಲಂ. ಕೊನೆಯದು ‘ವಿಶೇಷ’ ಎಂಬ ಕಾಲಂ. ಅದರಲ್ಲಿ ಇಪ್ಪತ್ತಾರು ವರ್ಷದಿಂದ ‘ಇಲ್ಲ’ ಎಂದು ಬರೆದು ಬರೆದು ಅವಳ ಪೆನ್ನು ತಾನೇ ತಾನಾಗಿ ಓಡುತ್ತಿತ್ತು.

ಈಗ ಆ ನೊರೆಯ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲ ಗ್ರಹಚಾರ ಇರುವುದು ಅಲ್ಲೇ. ಕೆಲಸ ಕಲಿಸಿದ ಹಿರಿಯ ಅವಳಿಗೆ ಹೇಳಿದ್ದು ಒಂದೇ ಮಾತು: ನೊರೆ ಇಳಿಯುವವರೆಗೆ ಕಾಯಬೇಕು, ಆಮೇಲೆ ನೋಡಬೇಕು. ಎಷ್ಟು ಹೊತ್ತು ಕಾಯಬೇಕು ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಐದು ಎಣಿಸುವಷ್ಟರಲ್ಲಿ ನೊರೆ ಮಾಯ. ಎರಡು ವರ್ಷದ ಹಿಂದೆ ಯಾವಾಗಲೋ ಮೂರನೇ ಬಾವಿಯ ಬಾಟಲಿಗೆ ಇಪ್ಪತ್ತು ಎಣಿಸಬೇಕಾಯಿತು. ಆಮೇಲೆ ಅರವತ್ತು. ಆಮೇಲೆ ಎಣಿಸುವುದೇ ಬೇಜಾರಾಗಿ, ಆ ಹೊತ್ತಿನಲ್ಲಿ ಹಿಂದಿನ ದಿನದ ಬಾಟಲಿ ತೊಳೆಯುವ ಅಭ್ಯಾಸ ಮಾಡಿಕೊಂಡಳು. ಈಚೆಗಂತೂ ಬಾಟಲಿ ಕುಲುಕಿಟ್ಟು, ಪಂಪಣ್ಣನ ಕೋಣೆಗೆ ಹೋಗಿ ಹರಟೆ ಹೊಡೆದು ಬಂದರೂ ಬಾಟಲಿಯ ಕೊರಳಲ್ಲಿ ಬಿಳಿ ಉಂಗುರವೊಂದು ಕೂತೇ ಇರುತ್ತಿತ್ತು.

"ಮೂರನೇ ಬಾವಿ ನೊರೆ ಇಳಿಯೋಷ್ಟರಲ್ಲಿ ನನ್ನ ಹೆಂಡ್ತಿ ಕೂಡ ರೆಡಿಯಾಗಿ ಆಚೆ ಬಂದ್ಬಿಡ್ತಾಳೆ ಅಕ್ಕ" ಎಂದು ಪಂಪಣ್ಣ ನಗುತ್ತಿದ್ದ. "ಜೀವ ಇರೋ ನೀರು. ಅದಕ್ಕೇ ಹಂಗೆ ಕುಣಿಯುತ್ತೆ."

ಅವಳೂ ನಗುತ್ತಿದ್ದಳು. ನೊರೆ ಅವಳಿಗೆ ನೋಡುವ ವಸ್ತುವಾಗಿರಲಿಲ್ಲ, ಅದು ಇಳಿಯಲಿ ಎಂದು ಕಾಯುವ ವಸ್ತುವಾಗಿತ್ತು. ಕಾಯುವುದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ‘ವಿಶೇಷ’ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದಳು.

ಮೂರನೇ ಬಾವಿಯ ನೀರು ನಿಜಕ್ಕೂ ಸಿಹಿಯಾಗಿತ್ತು. ಊರಿಗೆ ಹೋಗುವುದು ಮೂರೂ ಬಾವಿಗಳ ಬೆರಕೆ ನೀರು. ಆದರೆ ವಾಟರ್‌ವರ್ಕ್ಸ್‌ನ ಅಂಗಳದಲ್ಲಿ ಒಂದು ಹಿತ್ತಾಳೆ ನಲ್ಲಿ ಇತ್ತು, ಅದಕ್ಕೆ ಮೂರನೇ ಬಾವಿಯಿಂದ ನೇರವಾಗಿ ಪೈಪ್ ಎಳೆದಿದ್ದರು. ಅದು ಅಲ್ಲಿ ಕೆಲಸ ಮಾಡುವವರ ನಲ್ಲಿ. ಊರವರಿಗೆಲ್ಲ ಬೆರಕೆ, ನಮಗೆ ಮಾತ್ರ ಬಂಗಾರ ಎಂಬ ಒಳಗುಟ್ಟಿನ ಸಂತೋಷ ಎಲ್ಲರಿಗೂ ಇತ್ತು. ಸಂಜೆ ಮನೆಗೆ ಹೊರಡುವಾಗ ರುಚಿಯಕ್ಕನ ಕೈಯಲ್ಲಿ ಹತ್ತು ಲೀಟರಿನ ನೀಲಿ ಕ್ಯಾನ್ ಇರುತ್ತಿತ್ತು.

ಆ ಕ್ಯಾನ್ ಹೋಗುತ್ತಿದ್ದುದು ಮಗಳ ಮನೆಗೆ. ಒಬ್ಬಳೇ ಮಗಳು, ಹಿಂದಿನ ಬೀದಿಯಲ್ಲೇ ಮನೆ. ಅಳಿಯ ಲಾರಿ ಓಡಿಸುವವನು, ವಾರದಲ್ಲಿ ಎರಡು ದಿನ ಮುಖ ತೋರಿಸಿದರೆ ಹೆಚ್ಚು. ಎರಡು ವರ್ಷದಲ್ಲಿ ಮಗಳಿಗೆ ಎರಡು ಸಲ ಬಸಿರು ನಿಂತು ಎರಡೂ ಸಲ ಕೈಗೆ ಸಿಗದೆ ಹೋಗಿತ್ತು. ಮೊದಲನೆಯದು ಮೂರನೇ ತಿಂಗಳಲ್ಲಿ, ಎರಡನೆಯದು ಐದನೇ ತಿಂಗಳಲ್ಲಿ. ಈಗ ಮೂರನೆಯದು ಏಳು ತುಂಬಿತ್ತು. ಕುದಿಸಿದ ನೀರನ್ನೇ ಕುಡಿಯಿರಿ ಎಂದು ಡಾಕ್ಟರಮ್ಮ ಹೇಳಿದ್ದರು. ಡಾಕ್ಟರಮ್ಮ ಹೇಳಿದ್ದಕ್ಕಿಂತ ರುಚಿಯಕ್ಕ ಒಂದು ಕೈ ಮೇಲೆ. ಬಂಗಾರದ ನೀರನ್ನು ತಂದು, ಮಗಳ ಒಲೆಯ ಮೇಲಿಟ್ಟು, ಕೊತಕೊತ ಕುದಿಸಿ, ಅರ್ಧಕ್ಕೆ ಇಳಿಸಿ, ಆರಿಸಿ, ಎದುರಿಗೆ ನಿಂತು ಕುಡಿಸುತ್ತಿದ್ದಳು. "ಇನ್ನೊಂದು ಲೋಟ. ನನಗೋಸ್ಕರ" ಎನ್ನುತ್ತಿದ್ದಳು.

ಒಂದು ಮಂಗಳವಾರ ಇಂಜಿನಿಯರ್ ಅವಳನ್ನು ಕರೆಸಿದ. ಅವನು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಮೇಲಿನವರ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವಂಥವನು. ಮೇಜಿನ ಮೇಲೆ ಒಂದು ಕಾಗದ ಇತ್ತು.

"ಹೋದ ತಿಂಗಳು ಕಾಲೇಜಿನಿಂದ ಒಬ್ಬ ಕೆಮಿಸ್ಟ್ರಿ ಮೇಡಂ ಬಂದು ನೀರು ತಗೊಂಡು ಹೋದ್ರಲ್ಲ, ಅವರ ರಿಪೋರ್ಟ್ ಬಂದಿದೆ. ನೋಡಿ."

ಕಾಗದದಲ್ಲಿ ಒಂದು ರಾಸಾಯನಿಕದ ಹೆಸರಿತ್ತು. ಒಂದು ಸಾಲು ಮುಗಿದು ಎರಡನೇ ಸಾಲಿಗೆ ಬಂದರೂ ಹೆಸರು ಮುಗಿದಿರಲಿಲ್ಲ. ಮೂರನೇ ಬಾವಿಯ ಆಚೆ, ಒಂದು ಮೈಲಿ ದೂರದಲ್ಲಿ ಮಳೆಯಂಗಿ ಮತ್ತು ಡೇರೆಯ ಬಟ್ಟೆ ಮಾಡುವ ಫ್ಯಾಕ್ಟರಿ ಇತ್ತು. ಬಟ್ಟೆಗೆ ನೀರು ಅಂಟದಿರಲಿ ಎಂದು ಅಲ್ಲಿ ಬಳಿಯುವ ವಸ್ತುವಂತೆ ಅದು. ನೀರು ಅಂಟಬಾರದೆಂದು ಮಾಡಿದ್ದು ನೆಲದಲ್ಲಿ ಇಳಿದು ಇಳಿದು ನೀರಿಗೇ ಅಂಟಿಕೊಂಡಿತ್ತು. ಒಂದನೇ ಬಾವಿ: ಇಲ್ಲ. ಎರಡನೇ ಬಾವಿ: ಅತ್ಯಲ್ಪ. ಮೂರನೇ ಬಾವಿಯ ಎದುರು ಒಂದು ದೊಡ್ಡ ಅಂಕಿ, ಅದರ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ‘ಅನುಮತಿಸಿದ ಮಿತಿ’ ಎಂಬಲ್ಲಿ ಬರೆದಿತ್ತು: ನಿಗದಿಯಾಗಿಲ್ಲ.

"ಹಂಗಂದ್ರೆ ಏನು ಸಾರ್?"

"ಹಂಗಂದ್ರೆ ಸರ್ಕಾರದ ಪಟ್ಟಿಯಲ್ಲಿ ಈ ವಸ್ತುನೇ ಇಲ್ಲಮ್ಮ. ಇಷ್ಟಿರಬಹುದು, ಇಷ್ಟಿರಬಾರದು ಅಂತ ಯಾರೂ ಹೇಳಿಲ್ಲ. ಮಿತಿನೇ ಇಲ್ಲ ಅಂದಮೇಲೆ ಮೀರೋದು ಎಲ್ಲಿಂದ ಬಂತು? ನಮ್ಮ ರಿಜಿಸ್ಟರ್ ಪ್ರಕಾರ ನೀರು ಚೆನ್ನಾಗಿದೆ." ಅವನು ಹಣೆ ಒರೆಸಿಕೊಂಡ. "ಮೂರನೇ ಬಾವಿ ಮುಚ್ಚಿದ್ರೆ ಅರ್ಧ ಊರಿಗೆ ನೀರಿಲ್ಲ. ಯಾವ ನಿಯಮದ ಮೇಲೆ ಮುಚ್ಚಿದೆ ಅಂತ ಮೇಲಿನವರು ಕೇಳಿದ್ರೆ ನಾನು ಏನು ಹೇಳಲಿ?"

ಒಂದು ಕ್ಷಣ, ನಿಜ ಹೇಳಬೇಕೆಂದರೆ, ರುಚಿಯಕ್ಕನಿಗೆ ಹಾಯೆನಿಸಿತು. ಓದಿದವನು ಹೇಳುತ್ತಿದ್ದಾನೆ, ಚೆನ್ನಾಗಿದೆ ಅಂತ. ಆಮೇಲೆ ಕಾಗದದ ಕೊನೆಯ ಎರಡು ಸಾಲಿನ ಮೇಲೆ ಕಣ್ಣು ಬಿತ್ತು. ‘ಈ ವಸ್ತುವಿಗೆ ಬಣ್ಣ, ವಾಸನೆ, ರುಚಿ ಇಲ್ಲ. ನೀರನ್ನು ಕುಲುಕಿದಾಗ ನೊರೆ ಬಹಳ ಹೊತ್ತು ನಿಲ್ಲುತ್ತದೆ. ಗರ್ಭಿಣಿಯರು ಮತ್ತು ಎಳೆ ಮಕ್ಕಳು ಈ ಬಾವಿಯ ನೀರನ್ನು ಕುಡಿಯಬಾರದೆಂದು ನನ್ನ ಸಲಹೆ.’

ಬಾಯಿಯ ಪಸೆ ಆರಿ, ಇಪ್ಪತ್ತಾರು ವರ್ಷ ಅನ್ನ ಕೊಟ್ಟ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಇಂಜಿನಿಯರ್ ಏನೋ ಹೇಳುತ್ತಲೇ ಇದ್ದ, ಅವಳಿಗೆ ಒಂದಕ್ಷರ ಕೇಳಿಸಲಿಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಮಗಳ ಅಡಿಗೆಮನೆಯ ನೀಲಿ ಕ್ಯಾನ್. ನಿನ್ನೆ ಸಂಜೆ ಒಯ್ದದ್ದು. ಇನ್ನೂ ಅರ್ಧ ಇತ್ತು.

ರಜೆ ಕೇಳಲೂ ಇಲ್ಲ, ಸೀದಾ ಮಗಳ ಮನೆಗೆ ನಡೆದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಬಾಗಿಲು ತೆಗೆದ ಮಗಳ ಕೈಯಲ್ಲಿ ಲೋಟ ಇತ್ತು.

"ಇಷ್ಟು ಬೇಗ ಬಂದೆ? ಹುಷಾರಿಲ್ವಾ? ಮುಖ ಯಾಕೆ ಹಂಗಾಗಿದೆ?"

"ಏನಿಲ್ಲ. ಬಿಸಿಲು."

ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಮಗಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು, ತಿಂಗಳುಗಟ್ಟಲೆ ಗೋಡೆ ನೋಡುತ್ತ ಮಲಗಿದ್ದವಳು ಇವಳೇ. ಈಗ ಏಳು ತಿಂಗಳಾಗಿ, ಮೊದಲ ಸಲ ಮುಖದಲ್ಲಿ ಗೆಲುವು ಬಂದಿದೆ. ಈ ಮುಖಕ್ಕೆ ಏನೆಂದು ಹೇಳುವುದು? ನಿನಗೆ ನಾನೇ ಕೈಯಾರೆ, ಕುದಿಸಿ, ನಿಂತು ಕುಡಿಸಿದೆ ಅಂತಲೇ? ಹೇಳಿದರೆ ಹೆದರಿಕೆಗೇ ಏನಾದರೂ ಆಗಿಬಿಟ್ಟರೆ? ಹೀಗೆಲ್ಲ ಯೋಚಿಸಿದಳು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಮಗಳು ಆ ಎರಡನ್ನು ನೆನೆಸಿಕೊಂಡು ತನ್ನನ್ನು ನೋಡುವ ನೋಟಕ್ಕೆ ಅವಳು ಹೆದರಿದ್ದಳು.

ಅಡಿಗೆಮನೆಗೆ ಹೋಗಿ ಮೊಣಕೈ ತಗುಲಿಸಿ ಕ್ಯಾನ್ ಉರುಳಿಸಿದಳು. ನೀರು ನೆಲವೆಲ್ಲ ಹರಿದು ಬಾಗಿಲವರೆಗೆ ಹೋಯಿತು.

"ಅಯ್ಯೋ ಅಮ್ಮ! ನಿನಗೆ ಕಣ್ಣು ಕಾಣಲ್ವಾ?"

"ವಯಸ್ಸಾಯ್ತಲ್ಲ, ಕೈ ಸ್ಥಿಮಿತದಲ್ಲಿಲ್ಲ" ಎಂದು ಅವಳು ಮಂಡಿಯೂರಿ ಒರೆಸತೊಡಗಿದಳು. ಒರೆಸುವ ಬಟ್ಟೆ ಹಿಂಡಿದಾಗ ಬಕೆಟ್ಟಿನಲ್ಲಿ ಸಣ್ಣ ನೊರೆ ಎದ್ದಿತು. ಅದು ಇಳಿಯುವುದನ್ನು ನೋಡಲು ಧೈರ್ಯ ಸಾಲದೆ ಮೋರಿಗೆ ಸುರಿದಳು.

ಮಾರನೇ ದಿನ ಬೆಳಿಗ್ಗೆ ಆಫೀಸಿನ ಫೋನಿನಿಂದ ಕೆಮಿಸ್ಟ್ರಿ ಮೇಡಂಗೆ ಫೋನ್ ಮಾಡಿದಳು. ತನ್ನ ಮಗಳು ಎನ್ನಲಿಲ್ಲ. "ನಮ್ಮ ಪಕ್ಕದ ಮನೆ ಹುಡುಗಿ" ಎಂದಳು.

"ಕುದಿಸಿ ಕೊಟ್ರೆ ಹೋಗುತ್ತಲ್ವಾ ಮೇಡಂ? ಚೆನ್ನಾಗಿ ಕುದಿಸಿದ್ರೆ?"

"ಹೋಗಲ್ಲಮ್ಮ. ಕುದಿಸಿದ್ರೆ ನೀರು ಆವಿಯಾಗುತ್ತೆ, ಇದು ತಳದಲ್ಲೇ ಉಳಿಯುತ್ತೆ. ಅರ್ಧಕ್ಕೆ ಇಳಿಸಿದ್ರೆ ಎರಡು ಪಟ್ಟಾಗುತ್ತೆ ಅಷ್ಟೆ. ಹಲೋ? ಅಮ್ಮ, ಇದ್ದೀರಾ?"

ಇದ್ದಳು. ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತೇ ಇದ್ದಳು. "ಹಿಂದೆ ಎರಡು ಸಲ ಆ ಹುಡುಗಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇದರಿಂದಾನಾ?"

"ಹೌದು ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ. ಅಲ್ಲ ಅನ್ನೋಕೂ ಇಲ್ಲ. ಇದನ್ನ ಯಾರೂ ಸರಿಯಾಗಿ ಪರೀಕ್ಷೆನೇ ಮಾಡಿಲ್ಲ. ಆದ್ರೆ ಇವತ್ತಿನಿಂದ ಒಂದು ಗುಟುಕೂ ಕೊಡಬೇಡಿ ಅಂತ ಹೇಳಿ. ಅವರಿಗೆ ವಿಷಯ ಹೇಳಿ."

ಹೌದೂ ಅಲ್ಲ, ಅಲ್ಲವೂ ಅಲ್ಲ. ಅದಕ್ಕಿಂತ ಭಯಂಕರವಾದ ಉತ್ತರ ಬೇರೊಂದು ಇರಲಾರದು. ಹೌದು ಎಂದಿದ್ದರೆ ಎದೆ ಬಡಿದುಕೊಂಡು ಅಳಬಹುದಿತ್ತು. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ತನ್ನ ಮನೆಯ ಹೂಜಿ, ಸ್ನಾನದ ನಲ್ಲಿ, ಶಾಲೆಗೆ ಹೋಗುವ ಮಕ್ಕಳ ಕೊರಳಲ್ಲಿ ನೇತಾಡುವ ಬಾಟಲಿ, ಅಂಗಡಿಯವನು ಗಾಜಿನ ಲೋಟ ಅದ್ದಿ ತೊಳೆಯುವ ಬಕೆಟ್ಟು, ಯಾವುದನ್ನು ನೋಡಿದರೂ ಅವಳ ಕಣ್ಣು ಬಿಳಿ ಉಂಗುರವನ್ನೇ ಹುಡುಕುತ್ತಿತ್ತು. ಎಲ್ಲೆಲ್ಲೂ ನೀರು, ಎಲ್ಲರೂ ಕುಡಿಯುತ್ತಿದ್ದಾರೆ, ಎಲ್ಲವೂ ನೋಡಲು ನಿನ್ನೆಯಂತೆಯೇ ಇದೆ. ಪರೀಕ್ಷಾ ಕೋಣೆಯಲ್ಲಿ ಗುಟುಕು ಬಾಯಿಗೆ ಹಾಕಿದರೆ ಅದೇ ಸಿಹಿ. ಅವಳ ನಾಲಿಗೆ ಅವಳಿಗೆ ಹಸೀ ಸುಳ್ಳು ಹೇಳುತ್ತಿತ್ತು.

ಕ್ಯಾನ್ ಒಯ್ಯುವುದನ್ನು ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಮಗಳು ಯಾಕೆ ಅನ್ನುತ್ತಾಳೆ. ಒಂದನೇ ಬಾವಿ ಊರಾಚೆಯ ದಿಬ್ಬದ ಮೇಲಿತ್ತು. ಅವಳು ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಪಂಪ್ ಹಾಕಲು ಬಂದಿದ್ದ ಪಂಪಣ್ಣನನ್ನು ಕಾಡಿ ಬೇಡಿ ಕ್ಯಾನ್ ತುಂಬಿಸಿಕೊಂಡು ಬಂದಳು.

"ಏನಕ್ಕ, ಬಂಗಾರ ಬಿಟ್ಟು ಕಬ್ಬಿಣಕ್ಕೆ ಬಂದೆ?" ಎಂದ ಅವನು. ಅವಳು ನಗಲಿಲ್ಲ. ಅವಳ ಮುಖ ನೋಡಿ ಅವನ ನಗುವೂ ನಿಂತಿತು. "ಅಕ್ಕ, ನಿಜ ಹೇಳು. ನನ್ನ ಮನೇಲೂ ಮೊಮ್ಮಗು ಇದೆ."

"ನೀನೂ ಇಲ್ಲಿಂದಲೇ ತಗೊಂಡು ಹೋಗು" ಎಂದಷ್ಟೇ ಹೇಳಿದಳು. ನೋಡಿ, ಪಂಪಣ್ಣನಿಗೆ ಹೇಳಲು ಬಾಯಿ ಬಂತು, ಮಗಳಿಗೆ ಬರಲಿಲ್ಲ.

ಮಗಳು ಹೇಳಿ ಕೇಳಿ ರುಚಿಯಕ್ಕನ ಮಗಳು. ಮೊದಲ ಗುಟುಕಿಗೇ ಮುಖ ಸಿಂಡರಿಸಿದಳು.

"ಥೂ! ಇದು ಯಾವ ನೀರಮ್ಮ? ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿದೆ."

"ಪೈಪ್ ರಿಪೇರಿ. ನಾಲ್ಕು ದಿನ ಹೊಂದಿಸಿಕೋ. ಮಗುವಿಗೆ ಕಬ್ಬಿಣ ಒಳ್ಳೇದು."

"ಮಗುಗೂ ಬೇಡವಂತೆ, ಒದೀತಿದೆ" ಎಂದು ಮಗಳು ನಕ್ಕಳು. ಆದರೂ ಲೋಟ ಖಾಲಿ ಮಾಡಿ ಮುಂದಿಟ್ಟಳು. ಬುಧವಾರ, ಗುರುವಾರ ಹೀಗೇ ಕಳೆಯಿತು. ಮೂರನೇ ಬಾವಿಯದು ಒಂದು ಗುಟುಕೂ ಒಳಗೆ ಹೋಗುತ್ತಿಲ್ಲ ಎಂಬ ಒಂದೇ ಸಮಾಧಾನದಲ್ಲಿ ರುಚಿಯಕ್ಕ ಉಸಿರು ಹಿಡಿದುಕೊಂಡಿದ್ದಳು.

ಇಂಥ ಸುದ್ದಿ ಮೇಜಿನ ಡ್ರಾಯರಿನಲ್ಲಿ ಇಟ್ಟರೆ ಇರುತ್ತದೆಯೇ? ಪಂಪಣ್ಣ ಹೆಂಡತಿಗೆ ಹೇಳಿದ, ಅವಳು ಹಾಲಿನವನಿಗೆ, ಗುರುವಾರ ಸಂಜೆಯ ಹೊತ್ತಿಗೆ ಊರಿಗೆ ಊರೇ ವಾಟರ್‌ವರ್ಕ್ಸ್ ಗೇಟಿನ ಮುಂದೆ. ಶುಕ್ರವಾರ ಹನ್ನೊಂದಕ್ಕೆ ಅಂಗಳದಲ್ಲೇ ಎಲ್ಲರಿಗೂ ವಿವರಣೆ ಕೊಡುತ್ತೇವೆ ಎಂದು ಇಂಜಿನಿಯರ್ ಹೇಳಿ ಕಳಿಸಿದ. ಆಮೇಲೆ ಇವಳನ್ನು ಕರೆದು ಬಾಗಿಲು ಹಾಕಿದ.

"ಅಮ್ಮ, ನಾನು ಗಂಟೆಗಟ್ಟಲೆ ಮಾತಾಡಿದ್ರೂ ಯಾರೂ ನಂಬಲ್ಲ. ನೀವು ಆ ನಲ್ಲಿಯಿಂದ ಒಂದು ಲೋಟ ಹಿಡಿದು ಎಲ್ಲರ ಮುಂದೆ ಕುಡಿದುಬಿಡಿ. ಅಷ್ಟು ಸಾಕು. ಜನ ಮನೆಗೆ ಹೋಗ್ತಾರೆ."

"ನಿಮ್ಮ ಮಕ್ಕಳಿಗೆ ಯಾವ ನೀರು ಕೊಡ್ತಿದ್ದೀರಿ ಸಾರ್ ಈಗ?"

ಅವನು ಕಿಟಕಿಯ ಕಡೆ ತಿರುಗಿದ. "ಅಜ್ಜಿ ಮನೆಗೆ ಕಳಿಸಿದ್ದೀನಿ" ಎಂದ. ಅವನಿಗೂ ಹೆದರಿಕೆ, ಪಾಪ. ಆದರೆ ಅವನ ಹೆದರಿಕೆಗೆ ಹೋಗಲು ಒಂದು ಅಜ್ಜಿ ಮನೆ ಇತ್ತು.

ರುಚಿಯಕ್ಕ ಆಗಲಿ ಎನ್ನಲಿಲ್ಲ, ಆಗಲ್ಲ ಎನ್ನಲೂ ಇಲ್ಲ. ಎಲ್ಲರ ಮುಂದೆ ಬಾಯಿ ಬಿಟ್ಟರೆ ಮಗಳಿಗೆ ಗೊತ್ತಾಗುತ್ತದೆ. ಒಂದು ಲೋಟ ಕುಡಿದರೆ ತನಗೇನು ಹೊಸದಾಗಿ ಆಗುವುದಿದೆ, ಐವತ್ನಾಲ್ಕರ ಈ ದೇಹಕ್ಕೆ? ಕುಡಿದು ಮುಗಿಸಿ, ಮಗಳಿಗೆ ಹೆರಿಗೆಯಾಗುವವರೆಗೆ ದಿಬ್ಬದಿಂದ ನೀರು ಹೊತ್ತು ತಂದರೆ ಆಯಿತು ಎಂದು ಲೆಕ್ಕ ಹಾಕಿದಳು. ಊರಿನ ಉಳಿದ ಬಸುರಿಯರ ಲೆಕ್ಕ ಅದರಲ್ಲಿ ಇರಲಿಲ್ಲ. ಹೆದರಿದವರ ಲೆಕ್ಕ ಹೀಗೇ, ತಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ.

ಶುಕ್ರವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಸೊಂಟದಲ್ಲಿ ಹೊತ್ತ ಹೆಂಗಸರು, ಫ್ಯಾಕ್ಟರಿಯಲ್ಲೇ ಕೆಲಸ ಮಾಡುವ ಗಂಡಸರು, ಔಷಧಿ ಅಂಗಡಿಯವನು, ಟೋಪಿ ಹಾಕಿದ ಪೋಸ್ಟ್‌ಮ್ಯಾನ್. ಹಿತ್ತಾಳೆ ನಲ್ಲಿಯ ಪಕ್ಕ ಮೇಜು ಹಾಕಿ ಅದರ ಮೇಲೆ ಒಂದು ಗಾಜಿನ ಲೋಟ ಇಟ್ಟಿದ್ದರು. ಇಂಜಿನಿಯರ್ ಪಟ್ಟಿ, ನಿಯಮ, ಮಿತಿ ಎಂದು ಏನೇನೋ ಹೇಳಿದ. ಯಾರೋ ಹಿಂದಿನಿಂದ ಕೂಗಿದರು: "ಅದೆಲ್ಲ ಬಿಡಿ ಸ್ವಾಮಿ, ರುಚಿಯಕ್ಕ ಏನು ಹೇಳ್ತಾಳೆ?"

ಅವಳು ಮುಂದೆ ಬಂದಳು. ನಲ್ಲಿ ತಿರುಗಿಸಿ ಲೋಟ ತುಂಬಿಸಿದಳು. ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ತಲೆ ಎತ್ತಿದರೆ, ಮೊದಲ ಸಾಲಿನಲ್ಲಿ ಯಾರೋ ಕೊಟ್ಟ ಕುರ್ಚಿಯ ಮೇಲೆ ಮಗಳು ಕೂತಿದ್ದಳು. ಮನೆಯಲ್ಲೇ ಇರು ಎಂದು ಎಷ್ಟು ಹೇಳಿದ್ದರೂ ಬಂದಿದ್ದಳು. ಅಮ್ಮನನ್ನು ಊರೆಲ್ಲ ನಂಬುವುದನ್ನು ನೋಡಿ ಅವಳ ಮುಖ ಅರಳಿತ್ತು.

"ಕುಡಿಯಮ್ಮ!" ಎಂದು ಮಗಳು ಕೂಗಿದಳು. "ಇವರಿಗೆಲ್ಲ ಸುಮ್ಮನೆ ಹೆದರಿಕೆ. ನಾನೂ ನಿನ್ನ ಜೊತೆ ಕುಡೀತೀನಿ." ಚೀಲದಿಂದ ಒಂದು ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಜನರಿಗೆ ಕಾಣುವಂತೆ ಎತ್ತಿ ಹಿಡಿದಳು. "ಎರಡು ವರ್ಷದಿಂದ ನಾನು ಇದೇ ನಲ್ಲಿ ನೀರು ಕುಡಿಯೋದು. ನೋಡಿ, ನನಗೇನಾಗಿದೆ?"

ಬಾಟಲಿಯ ಕೊರಳಲ್ಲಿ, ನೀರಿನ ಮೇಲೆ, ಸಣ್ಣ ಬಿಳಿ ಉಂಗುರ.

ಒಂದನೇ ಬಾವಿಯ ನೀರಿಗೆ ಈ ಉಂಗುರ ಬರುವುದಿಲ್ಲ. ಮಗಳ ಹತ್ತಿರ ಈ ನೀರು ಎಲ್ಲಿತ್ತು, ಯಾವಾಗಿನದು ಎಂದು ಯೋಚಿಸಲು ಹೊತ್ತಿರಲಿಲ್ಲ, ಬಾಟಲಿ ತುಟಿಯ ಹತ್ತಿರ ಹೋಗುತ್ತಿತ್ತು.

"ಕುಡೀಬೇಡ!"

ಇಡೀ ಅಂಗಳ ಬೆಚ್ಚಿಬಿತ್ತು. ರುಚಿಯಕ್ಕನ ಕೈಯಲ್ಲಿದ್ದ ಲೋಟ ಜಾರಿ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಓಡಿ ಹೋಗಿ ಮಗಳ ಕೈಯಿಂದ ಬಾಟಲಿ ಕಿತ್ತುಕೊಂಡಳು. ಇನ್ನು ಮುಚ್ಚಿಡಲು ಏನು ಉಳಿದಿತ್ತು? ಬಾಟಲಿಗೆ ಮುಚ್ಚಳ ಹಾಕಿ, ಎಲ್ಲರ ಎದುರು ತಲೆಯ ಮೇಲೆತ್ತಿ ಹತ್ತು ಸಲ ಕುಲುಕಿ, ಮೇಜಿನ ಮೇಲಿಟ್ಟಳು.

"ನೊರೆ ಇಳಿಯೋವರೆಗೆ ಕಾಯಿರಿ" ಎಂದಳು. "ಒಳ್ಳೇ ನೀರಿನ ನೊರೆ ಐದು ಎಣಿಸೋಷ್ಟರಲ್ಲಿ ಇಳಿಯುತ್ತೆ. ಎಣಿಸಿ. ಎಲ್ಲರೂ ಎಣಿಸಿ."

ಜನ ಎಣಿಸಿದರು. ಐದಾಯಿತು. ಇಪ್ಪತ್ತಾಯಿತು. ಅರವತ್ತರ ಹೊತ್ತಿಗೆ ಎಣಿಸುವ ದನಿಗಳು ಒಂದೊಂದಾಗಿ ನಿಂತವು. ಒಬ್ಬ ತಾಯಿ ತನ್ನ ಮಗುವಿನ ಬಾಯಲ್ಲಿದ್ದ ಸೀಸೆಯನ್ನು ಮೆಲ್ಲಗೆ ಎಳೆದುಕೊಂಡಳು. ಬಿಳಿ ಉಂಗುರ ಇದ್ದಲ್ಲೇ ಇತ್ತು.

"ಎರಡು ವರ್ಷದಿಂದ ನಾನು ಇದನ್ನ ದಿನಾ ನೋಡಿದ್ದೀನಿ. ಇದು ಇಳಿಯೋವರೆಗೆ ಹರಟೆ ಹೊಡೀತಾ ಕಾದಿದ್ದೀನಿ. ಬರೀಲಿಲ್ಲ. ಪಟ್ಟಿಯಲ್ಲಿ ಇರಲಿ ಬಿಡಲಿ, ಈ ಬಾವಿ ನೀರು ಕುಡೀಬೇಡಿ. ಇದರಲ್ಲಿರೋದಕ್ಕೆ ರುಚಿ ಇಲ್ಲ. ನನ್ನ ನಾಲಿಗೆ ನಂಬಬೇಡಿ."

ಆಮೇಲೆ ಎದ್ದ ಗದ್ದಲವನ್ನು ಹೇಳಿ ಮುಗಿಸುವಂತಿಲ್ಲ. ಗಂಡಸರು ಇಂಜಿನಿಯರನ್ನು ಸುತ್ತಿಕೊಂಡರು. ಪಂಪಣ್ಣ ಯಾರ ಅಪ್ಪಣೆಗೂ ಕಾಯದೆ ಹೋಗಿ ಮೂರನೇ ಬಾವಿಯ ವಾಲ್ವ್ ತಿರುಗಿಸಿ ಮುಚ್ಚಿ, ಅದರ ಚಕ್ರವನ್ನೇ ಕಳಚಿ ಹೆಗಲ ಮೇಲೆ ಹೊತ್ತು ತಂದ. "ಯಾವ ನಿಯಮದ ಮೇಲೆ ಮುಚ್ಚಿದೆ ಅಂತ ಕೇಳಿದ್ರೆ ನನ್ನ ಹೆಸರು ಹೇಳಿ ಸಾರ್" ಎಂದ. ಇಂಜಿನಿಯರ್ ಕುರ್ಚಿಯಲ್ಲಿ ಕುಸಿದು ಕೂತ. ಇದೆಲ್ಲ ಆಗುವಾಗ ರುಚಿಯಕ್ಕ ಪರೀಕ್ಷಾ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳು ಬಂದು ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು, ಕೂತಳು.

"ಅದಕ್ಕೇ ಕ್ಯಾನ್ ಬೀಳಿಸಿದ್ದಾ?"

"ಹೂಂ."

"ಮಂಗಳವಾರವೇ ಗೊತ್ತಿತ್ತು."

"ಗೊತ್ತಿತ್ತು."

"ಪೈಪ್ ರಿಪೇರಿ ಅಂದೆ. ಕಬ್ಬಿಣದ ನೀರು ನನಗೆ ಸೇರಲಿಲ್ಲ. ಕುದಿಸಿಟ್ಟಿದ್ದ ಹಳೇ ನೀರು ಎರಡು ಬಾಟಲಿ ಮಂಚದ ಹತ್ರ ಇತ್ತು. ನಿನ್ನ ಎದುರಿಗೆ ಕಬ್ಬಿಣದ್ದನ್ನ ಕುಡಿದು, ನೀನು ಹೋದ ಮೇಲೆ ಹಳೇದನ್ನ ಕುಡೀತಿದ್ದೆ. ಮಗುಗೆ ಒಳ್ಳೇದು ಅಂತ." ಮಗಳು ಈಗ ತಾಯಿಯ ಕಡೆ ತಿರುಗಿದಳು. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ. ಮೂರು ದಿನ."

ಮೂರು ದಿನ, ಅದೂ ತಾನೇ ಅರ್ಧಕ್ಕೆ ಇಳಿಸಿ ಎರಡು ಪಟ್ಟು ಮಾಡಿದ್ದು. ರುಚಿಯಕ್ಕನಿಗೆ ನೆಲ ಬಿರಿದು ನುಂಗಿದ್ದರೆ ಚೆನ್ನಾಗಿತ್ತು ಎನಿಸಿತು. ನೆಲ ಬಿರಿಯಲಿಲ್ಲ. "ಹೆದರಿದೆ ಕಣೇ" ಎಂದಳು.

"ಆ ಎರಡೂ?" ಎಂದು ಮಗಳು ಕೇಳಿದಳು. ಅಂಗಳದ ಕಡೆ ನೋಡುತ್ತಿದ್ದಳು. "ಆ ಎರಡೂ ಇದರಿಂದಾನಾ?"

"ಗೊತ್ತಿಲ್ಲ ಮಗಳೇ. ಯಾರಿಗೂ ಗೊತ್ತಿಲ್ಲವಂತೆ."

ಮಗಳು ಅಭ್ಯಾಸದಂತೆ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. "ಅಮ್ಮ, ಬೆಳಿಗ್ಗೆಯಿಂದ ಒದ್ದಿಲ್ಲ. ನಾನು ಗಮನಿಸಲೇ ಇಲ್ಲ. ಈ ಗಲಾಟೆಯಲ್ಲಿ ನಾನು ಗಮನಿಸಲೇ ಇಲ್ಲ."

ಅವಳು ತಾಯಿಯ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಒತ್ತಿಟ್ಟುಕೊಂಡಳು. ನಡುವಿನ ದೂರ ಹೋಯಿತು. ರುಚಿಯಕ್ಕ ಉಸಿರು ಬಿಗಿ ಹಿಡಿದಳು. ಬೇರೇನೂ ತಿಳಿಯದೆ, ಇಪ್ಪತ್ತಾರು ವರ್ಷದ ಅಭ್ಯಾಸದಲ್ಲಿ, ಎಣಿಸತೊಡಗಿದಳು. ಐದು. ಇಪ್ಪತ್ತು. ಬಟ್ಟೆಯ ಕೆಳಗೆ ಬಿಗಿಯಾದ, ಬೆಚ್ಚಗಿನ, ಅಲುಗದ ಹೊಟ್ಟೆ. ಅರವತ್ತು. ಮಗಳ ತುಟಿಯೂ ಆಡುತ್ತಿತ್ತು, ಅವಳೂ ಎಣಿಸುತ್ತಿದ್ದಳು. ತೊಂಬತ್ತು. ದೇವರೇ, ತೊಂಬತ್ತೊಂದು.

ನೂರ ನಾಲ್ಕಕ್ಕೆ ಅಂಗೈಯ ಕೆಳಗೆ ಒಂದು ಸಣ್ಣ ಒದೆ ಬಿತ್ತು.

ಇಬ್ಬರೂ ಅತ್ತರು. ಆದರೆ ಕೈ ತೆಗೆಯಲಿಲ್ಲ. ಕಣ್ಣೊರೆಸಿಕೊಂಡು, ಮತ್ತೆ ಒಂದರಿಂದ ಎಣಿಸತೊಡಗಿದರು.